ಮಂಚದ ಬಳಿಗೆ ಬಂದ ಪರೀಕ್ಷೆ

ಪುತ್ತೂರು, ಸುಳ್ಯ, ಕಡಬ ಎಂಬ ಮೂರು ಹೆಸರುಗಳನ್ನು ಒಟ್ಟಿಗೆ ಹೇಳಿದರೆ ಸಾಹಿತ್ಯಪ್ರಿಯರಿಗೆ ಮೊದಲು ನೆನಪಾಗುವುದು ಶಿವರಾಮ ಕಾರಂತರ ಬಾಲವನ. ಆ ಬಳಿಕ ಅಡಕೆಯ ತೋಟ, ಕುಮಾರಧಾರೆ, ಪಯಸ್ವಿನಿ, ಮಳೆ ಮುಗಿದೊಡನೆ ಬಯಲಲ್ಲಿ ಏಳುವ ಆಟದ ರಂಗಸ್ಥಳ. ನಾನು ಇಂದು ಎತ್ತಿಕೊಂಡಿರುವ ವಿಷಯ ಇವುಗಳಲ್ಲಿ ಯಾವುದೂ ಅಲ್ಲ. ಈ ಸೀಮೆಯ ಜನ ವರ್ಷವರ್ಷವೂ ಕಂಡು ಉಂಡ ಜ್ವರ, ಆ ಜ್ವರಕ್ಕೆ ಸರಿಯಾದ ಹೆಸರಿಡುವ ಪ್ರಯತ್ನ, ಆ ಹೆಸರು ರೋಗಿಯ ಮಂಚದವರೆಗೆ ಬಂದು ಮುಟ್ಟಲು ಹಿಡಿದ ಕಾಲ, ಇವುಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕೆಂದಿದ್ದೇನೆ. ಅರಸರ ಚರಿತ್ರೆಗೆ ಶಾಸನಗಳಿವೆ. ಜ್ವರದ ಚರಿತ್ರೆಗೆ ಆಸ್ಪತ್ರೆಯ ಚೀಟಿ, ಗ್ರಾಮದ ಮರಣದ ಪುಸ್ತಕ, ಹಿರಿಯರ ನೆನಪು ಇವೇ ಆಧಾರ.

ಮದರಾಸು ಪ್ರಾಂತದ ಕಾಲದಲ್ಲಿ ಈ ಮೂರು ಊರುಗಳೂ ಉಪ್ಪಿನಂಗಡಿ ತಾಲೂಕು ಎಂಬ ಒಂದೇ ಹೆಸರಿನ ಕೆಳಗೆ ಇದ್ದವು. ಸುಳ್ಯ ಮೊದಲು ಬೇರೆಯಾಯಿತು. ಕಡಬ ತೀರ ಈಚೆಗೆ, ಪುತ್ತೂರಿನಿಂದಷ್ಟು ಸುಳ್ಯದಿಂದಷ್ಟು ಗ್ರಾಮಗಳನ್ನು ಪಡೆದು, ತಾನೂ ಒಂದು ತಾಲೂಕಾಯಿತು. ಪುತ್ತೂರು ಮಂಗಳೂರಿನಿಂದ ಸುಮಾರು 50 ಕಿಲೋಮೀಟರು, ಸುಳ್ಯ 80ಕ್ಕೂ ಮೇಲೆ. ಸುಬ್ರಹ್ಮಣ್ಯದ ಆಚೆ ಗಟ್ಟದ ಬುಡದಲ್ಲಿ ಇರುವ ಮನೆಗಳಿಂದ ಲೆಕ್ಕ ಹಾಕಿದರೆ 100 ದಾಟುತ್ತದೆ. ಒಂದು ಕಾಲದಲ್ಲಿ ಹೊಳೆ ಕಟ್ಟಿದರೆ ದಾರಿಯೂ ಕಟ್ಟಿತು. ಕಾಯಿಲೆಯವರನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತು ತರುತ್ತಿದ್ದುದನ್ನು ನೋಡಿದವರು ಈಗಲೂ ಇದ್ದಾರೆ. ಈ ದೂರವನ್ನು ನೆನಪಿನಲ್ಲಿ ಇಟ್ಟುಕೊಳ್ಳದೆ ನಾನು ಮುಂದೆ ಹೇಳುವ ಯಾವ ಮಾತೂ ಅರ್ಥವಾಗದು.

ಜ್ವರ ಎಂಬುದು ನಮ್ಮ ಹಿರಿಯರಿಗೆ ಒಂದು ರೋಗದ ಹೆಸರೇ ಆಗಿತ್ತು. ಸರಕಾರಕ್ಕೂ ಹಾಗೆಯೇ. ಬ್ರಿಟಿಷರ ಕಾಲದಲ್ಲಿ ಗ್ರಾಮದ ಅಧಿಕಾರಿಗಳು ಮರಣವನ್ನು ದಾಖಲಿಸುತ್ತಿದ್ದ ಪುಸ್ತಕದಲ್ಲಿ ವಾಂತಿಭೇದಿಗೆ ಒಂದು ಕಲಮು, ಸಿಡುಬಿಗೆ ಒಂದು, ಪ್ಲೇಗಿಗೆ ಒಂದು, ಉಳಿದದ್ದರಲ್ಲಿ ದೊಡ್ಡದೊಂದು ಕಲಮು ‘ಜ್ವರ’ಕ್ಕೆ ಇತ್ತು. 1918ರ ಜೂನಿನಲ್ಲಿ ಮುಂಬಯಿಯ ಬಂದರದಲ್ಲಿ ಕಾಣಿಸಿಕೊಂಡು, ಮಳೆ ಕಳೆಯುವ ಹೊತ್ತಿಗೆ ಎರಡನೆಯ ಬಾರಿ ಹೆಚ್ಚು ಉಗ್ರವಾಗಿ ಎದ್ದು ದೇಶವನ್ನೆಲ್ಲ ವ್ಯಾಪಿಸಿದ ಇನ್‌ಫ್ಲುಯೆಂಜಾ ಆ ಕಲಮಿನೊಳಗೇ ಹೂತುಹೋಯಿತು. ಇಂಡಿಯಾದಲ್ಲಿ ಸತ್ತವರು 1.2 ಕೋಟಿಯಿಂದ 2 ಕೋಟಿಯವರೆಗೆ ಎಂದು ವಿದ್ವಾಂಸರು ಬೇರೆಬೇರೆಯಾಗಿ ಅಂದಾಜು ಮಾಡಿದ್ದಾರೆ. ಇಷ್ಟು ದೊಡ್ಡ ಅಂತರಕ್ಕೆ ಕಾರಣವೇ ಆ ‘ಜ್ವರ’ದ ಕಲಮು. ಇಂದಿನ ಭಾರತದ ಗಡಿಯೊಳಗಿನ ಜನಸಂಖ್ಯೆ 1911ರಲ್ಲಿ 25.2 ಕೋಟಿಯಿದ್ದದ್ದು 1921ರಲ್ಲಿ 25.1 ಕೋಟಿಗೆ ಇಳಿಯಿತು. ನಮ್ಮ ಜನಗಣತಿಯ ಇತಿಹಾಸದಲ್ಲಿ 1901ರಿಂದ ಈಚೆಗೆ ಜನಸಂಖ್ಯೆ ಇಳಿದ ದಶಕ ಅದೊಂದೇ.

ಆಗ ವೈದ್ಯರಿಗೆ ತಿಳಿದಿದ್ದುದೆಷ್ಟು? ಫೈಫರ್ ಎಂಬ ಜರ್ಮನ್ ವಿಜ್ಞಾನಿ 1892ರಲ್ಲಿ ಇನ್‌ಫ್ಲುಯೆಂಜಾ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯವನ್ನು ಕಂಡು, ಅದೇ ಕಾರಣವೆಂದು ಸಾರಿದ್ದ. 1918ರಲ್ಲಿಯೂ ಅನೇಕರು ಅದನ್ನೇ ನಂಬಿದ್ದರು. ನಿಜವಾದ ಕಾರಣ ಸೂಕ್ಷ್ಮದರ್ಶಕದ ಕಣ್ಣಿಗೂ ಬೀಳದಷ್ಟು ಸಣ್ಣದು. 1933ರಲ್ಲಿ ಲಂಡನ್ನಿನ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರೂಸ್, ಪ್ಯಾಟ್ರಿಕ್ ಲೇಡ್ಲಾ ಎಂಬ ಮೂವರು, ಜ್ವರ ಬಂದವರ ಗಂಟಲಿನ ದ್ರವವನ್ನು ಸೋಸಿ, ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಯ ಮೂಗಿಗೆ ಹಾಕಿದರು. ಫೆರೆಟ್‌ಗಳು ಸೀನತೊಡಗಿದವು. ಮನುಷ್ಯನ ಇನ್‌ಫ್ಲುಯೆಂಜಾ ವೈರಸ್ ಹೀಗೆ ಕೈಗೆ ಸಿಕ್ಕಿತು. ಸತ್ತವರ ಲೆಕ್ಕ ಮುಗಿದು 15 ವರ್ಷ ಕಳೆದ ಮೇಲೆ ಕೊಂದವನ ಹೆಸರು ತಿಳಿಯಿತು.

ಹೆಸರು ತಿಳಿದ ಮಾತ್ರಕ್ಕೆ ರೋಗಿಗೆ ಪ್ರಯೋಜನವಾಯಿತೆಂದು ಭಾವಿಸಬಾರದು. ವೈರಸ್ಸನ್ನು ಕೋಳಿಮೊಟ್ಟೆಯೊಳಗೆ ಬೆಳೆಸಿ ಗುರುತಿಸಲು ದಿನಗಳು ಬೇಕು. ಇನ್ನೊಂದು ವಿಧಾನದಲ್ಲಿ ರೋಗಿಯ ರಕ್ತವನ್ನು ಜ್ವರದ ಮೊದಲಲ್ಲಿ ಒಮ್ಮೆ, ಎರಡು ಮೂರು ವಾರಗಳ ನಂತರ ಇನ್ನೊಮ್ಮೆ ತೆಗೆದು, ಎರಡರಲ್ಲಿರುವ ಪ್ರತಿಕಾಯಗಳನ್ನು ಹೋಲಿಸಬೇಕು. ಎರಡನೆಯ ರಕ್ತ ಕೊಡುವ ಹೊತ್ತಿಗೆ ರೋಗಿ ಒಂದೋ ಗುಣವಾಗಿ ತೋಟದ ಕೆಲಸಕ್ಕೆ ಹೋಗಿರುತ್ತಿದ್ದ, ಇಲ್ಲವೋ ಈ ಲೋಕದಲ್ಲೇ ಇರುತ್ತಿರಲಿಲ್ಲ. ಈ ಪರೀಕ್ಷೆ ಚರಿತ್ರಕಾರನಿಗೆ ಉಪಯುಕ್ತ, ಸರಕಾರಕ್ಕೆ ಉಪಯುಕ್ತ. ಮಂಚದ ಮೇಲೆ ಮಲಗಿದವನಿಗೆ ಅಲ್ಲ.

1957ರ ಮೇ ತಿಂಗಳಲ್ಲಿ ಸಿಂಗಪುರದಿಂದ ಮದರಾಸಿಗೆ ಬಂದ ಹಡಗಿನೊಡನೆ ಏಷ್ಯನ್ ಫ್ಲೂ ಎಂಬುದು ನಮ್ಮ ದೇಶವನ್ನು ಪ್ರವೇಶಿಸಿತು. ಈ ಬಾರಿ ಹೆಸರು ತಿಳಿಯಲು ತಡವಾಗಲಿಲ್ಲ. ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಇನ್‌ಫ್ಲುಯೆಂಜಾ ಕೇಂದ್ರವಿತ್ತು. ಅಲ್ಲಿ ವೈರಸ್ಸನ್ನು ಬೇರ್ಪಡಿಸಿದರು. 1958ರ ಫೆಬ್ರವರಿಯ ಹೊತ್ತಿಗೆ ದೇಶದಲ್ಲಿ 44 ಲಕ್ಷಕ್ಕೂ ಹೆಚ್ಚು ಜನಕ್ಕೆ ರೋಗ ತಗಲಿದ್ದುದೂ 1,098 ಮಂದಿ ಸತ್ತದ್ದೂ ಲೆಕ್ಕಕ್ಕೆ ಸಿಕ್ಕಿತು. ದಕ್ಷಿಣ ಕನ್ನಡ ಆಗ ತಾನೇ, 1956ರ ನವೆಂಬರಿನಲ್ಲಿ, ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತ್ತು. ರಾಜ್ಯ ಬದಲಾದರೂ ಸುಳ್ಯದ ಕೆಮ್ಮಿಗೂ ಕೂನೂರಿನ ಪ್ರಯೋಗಾಲಯಕ್ಕೂ ನಡುವಿನ ಬೆಟ್ಟಗಳು ಬದಲಾಗಲಿಲ್ಲ. ದೇಶಕ್ಕೆ ಉತ್ತರ ಸಿಕ್ಕಿತು; ತಾಲೂಕು ಆಸ್ಪತ್ರೆಯ ಡಾಕ್ಟರು ತಮ್ಮ ಮುಂದಿನ ರೋಗಿಯ ಎದೆಗೆ ಕಿವಿಗೊಟ್ಟು ಊಹೆಯಿಂದಲೇ ಔಷಧ ಕೊಟ್ಟರು.

ಪರೀಕ್ಷೆ ಎಂಬುದು ಮನೆಯಂಗಳಕ್ಕೆ ಬಂದದ್ದನ್ನು ಈ ಸೀಮೆಯವರು ಬೇರೊಂದು ಜ್ವರದಲ್ಲಿ ಆಗಲೇ ನೋಡಿದ್ದರು. ಮಲೇರಿಯಾ ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮ 1958ರಲ್ಲಿ ಮೊದಲಾಯಿತು. ನನ್ನ ಬಾಲ್ಯದಲ್ಲಿ ಹದಿನೈದು ದಿನಕ್ಕೊಮ್ಮೆ ಮಲೇರಿಯಾದವರು ಎಂದೇ ನಾವು ಕರೆಯುತ್ತಿದ್ದ ಕಾರ್ಯಕರ್ತರು ಅಂಗಳಕ್ಕೆ ಬಂದು, ಯಾರಿಗಾದರೂ ಜ್ವರವುಂಟೇ ಎಂದು ಕೇಳಿ, ಜ್ವರವಿದ್ದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಮೇಲೆ ಒಂದು ಹನಿ ರಕ್ತ ಸವರಿಕೊಂಡು, ನಾಲ್ಕು ಮಾತ್ರೆ ಕೊಟ್ಟು, ಗೋಡೆಯ ಮೇಲೆ ದಿನಾಂಕ ಬರೆದು ಹೋಗುತ್ತಿದ್ದರು. ರಕ್ತದಲ್ಲಿ ಏನಿತ್ತೆಂಬ ಉತ್ತರ ಬರಲು ವಾರವೇ ಹಿಡಿಯುತ್ತಿತ್ತು. ಎಷ್ಟೋ ಸಲ ಬರುತ್ತಲೂ ಇರಲಿಲ್ಲ. ಆದರೆ ಆ ಏರ್ಪಾಡಿನಲ್ಲಿ ಒಂದು ವಿವೇಕವಿತ್ತು. ಉತ್ತರ ತಡವಾದೀತೆಂದು ತಿಳಿದೇ ಮಾತ್ರೆಯನ್ನು ಮೊದಲು ಕೊಟ್ಟುಬಿಡುತ್ತಿದ್ದರು. ಪರೀಕ್ಷೆಯ ದೂರವನ್ನು ಒಪ್ಪಿಕೊಂಡು, ಆ ದೂರಕ್ಕೆ ತಕ್ಕಂತೆ ಚಿಕಿತ್ಸೆಯನ್ನು ಹೊಂದಿಸಿದ್ದರು. ಉಸಿರಾಟದ ವೈರಸ್ಸುಗಳಿಗೆ ಅಂಥ ನಾಲ್ಕು ಮಾತ್ರೆಗಳು ಇರಲಿಲ್ಲ. ಆ ಜಾಗವನ್ನು ತುಂಬಿದ್ದು ಬ್ಯಾಕ್ಟೀರಿಯಗಳಿಗಾಗಿ ಹುಟ್ಟಿದ ಆ್ಯಂಟಿಬಯೋಟಿಕ್. ಅದು ವೈರಸ್ಸಿಗೆ ತಗಲುವುದಿಲ್ಲ. ಆದರೂ ಹೆಸರು ತಿಳಿಯದ ಕೆಮ್ಮಿಗೆಲ್ಲ ಅದನ್ನೇ ಬರೆಯುವ ಅಭ್ಯಾಸ ಊರೂರಿನಲ್ಲಿ ಬೇರೂರಿತು. ಹೆಸರಿಲ್ಲದ ಜ್ವರಕ್ಕೆ ತೆತ್ತ ಬೆಲೆಗಳಲ್ಲಿ ಇದೂ ಒಂದು.

ಇನ್ನೊಂದು ಬೆಲೆಯನ್ನು 2018ರಲ್ಲಿ ನಮ್ಮ ನೆರೆಯ ಕೇರಳ ತೆತ್ತಿತು. ಕೋಯಿಕ್ಕೋಡು ಜಿಲ್ಲೆಯ ಪೇರಾಂಬ್ರದ ಕಡೆಯ ಯುವಕನೊಬ್ಬ ಮೇ 5ರಂದು ಹೆಸರು ತಿಳಿಯದ ಜ್ವರದಿಂದ ತೀರಿಕೊಂಡ. ಅವನು ಮೊದಲು ಮಲಗಿದ್ದುದು ತಾಲೂಕು ಆಸ್ಪತ್ರೆಯಲ್ಲಿ, ಅನಂತರ ಮೆಡಿಕಲ್ ಕಾಲೇಜಿನಲ್ಲಿ. ಆ ಆಸ್ಪತ್ರೆಗಳ ವಾರ್ಡುಗಳಲ್ಲಿ, ಮೊಗಸಾಲೆಗಳಲ್ಲಿ ಅವನ ಹತ್ತಿರ ಇದ್ದವರಿಗೆ ರೋಗ ಅಂಟಿತ್ತು. ಅದೇ ಮನೆಯ ಇನ್ನೊಬ್ಬ ರೋಗಿಯ ಮಾದರಿಗಳು ನಮ್ಮ ಮಣಿಪಾಲದ ವೈರಸ್ ಸಂಶೋಧನ ಕೇಂದ್ರಕ್ಕೆ ಬಂದವು. ಡಾ. ಜಿ. ಅರುಣ್‌ಕುಮಾರ್ ಮುಖ್ಯಸ್ಥರಾಗಿದ್ದ ಆ ಕೇಂದ್ರ ಅದು ನಿಪಾ ಎಂದು ಕಂಡುಹಿಡಿಯಿತು. ಮೇ 20ರಂದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ನಿಪಾ ಮುಖ್ಯವಾಗಿ ಮಿದುಳುಜ್ವರದ ವೈರಸ್. ಆದರೆ ಕೆಮ್ಮಿನ ಹನಿಗಳಿಂದಲೂ ಹರಡಬಲ್ಲದು. ಆ ಬಾರಿ ಸತ್ತವರು 17 ಜನ. ಅವರಲ್ಲಿ ಪೇರಾಂಬ್ರದ ತಾಲೂಕು ಆಸ್ಪತ್ರೆಯಲ್ಲಿ ರೋಗಿಯ ಶುಶ್ರೂಷೆ ಮಾಡಿದ ದಾದಿಯೂ ಒಬ್ಬಳು. ಮಣಿಪಾಲದ ಚುರುಕನ್ನು ಎಲ್ಲರೂ ಕೊಂಡಾಡಿದರು, ಕೊಂಡಾಡಬೇಕಾದದ್ದೇ. ಆದರೂ ಉತ್ತರ ಸಿಕ್ಕಿದ ಊರು ಒಂದು, ಉತ್ತರ ಬೇಕಾಗಿದ್ದ ಮಂಚ ಇನ್ನೊಂದು. ತಾಲೂಕು ಆಸ್ಪತ್ರೆಯ ಕ್ಯಾಜುವಲ್ಟಿಯ ಬಾಗಿಲಲ್ಲಿ ಮೊದಲ ರೋಗಿ ಬಂದು ನಿಂತಾಗ ಅವನನ್ನು ಎಲ್ಲಿ ಮಲಗಿಸಬೇಕೆಂದು ಹೇಳುವವರು ಯಾರೂ ಇರಲಿಲ್ಲ.

ಎರಡೇ ವರ್ಷಗಳಲ್ಲಿ ಅದೇ ಪ್ರಶ್ನೆ ಲೋಕದ ಎಲ್ಲ ಆಸ್ಪತ್ರೆಗಳ ಬಾಗಿಲಿಗೂ ಬಂತು. 2020ರ ಜನವರಿಯಲ್ಲಿ ಕೊರೋನಾ ಪರೀಕ್ಷೆಗೆ ದೇಶಕ್ಕೆಲ್ಲ ಪುಣೆಯ ಸಂಸ್ಥೆಯೇ ಆಧಾರವಾಗಿತ್ತು. ಆ ವರ್ಷದ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅವರಿಗೆ ಇದ್ದದ್ದು ಕೋವಿಡ್ ಎಂಬ ಉತ್ತರ ಹೊರಬಿದ್ದದ್ದು 12ರಂದು. ಭಾರತದ ಮೊದಲ ಕೋವಿಡ್ ಮರಣ ಅದು, ಕರ್ನಾಟಕದಲ್ಲಿ ಆದದ್ದು. ಎರಡು ದಿನ ಎಂಬುದು 1957ರ ಕೂನೂರಿಗೆ ಅದ್ಭುತವೆನಿಸುವ ವೇಗ. ಆ ಮನೆಯವರಿಗೆ ಅದು ಎರಡು ದಿನ ತಡ. ನಮ್ಮ ಜಿಲ್ಲೆಯ ಗಂಟಲ ದ್ರವದ ಮಾದರಿಗಳನ್ನು ಮೊದಮೊದಲು ಗಟ್ಟ ಹತ್ತಿಸಿ ಹಾಸನಕ್ಕೆ ಕಳುಹಿಸಬೇಕಾಗಿತ್ತು. 2020ರ ಏಪ್ರಿಲಿನಲ್ಲಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿಯೇ ಪ್ರಯೋಗಾಲಯ ಕೆಲಸ ಆರಂಭಿಸಿತು. ಸುಳ್ಯದ ರೋಗಿಗೆ ಹಾಸನದ ಬದಲು ಮಂಗಳೂರು ಎಂದಾದದ್ದೂ ಒಂದು ದೊಡ್ಡ ಸಮಾಧಾನವೇ.

ಈ ಪ್ರಯೋಗಾಲಯಗಳಲ್ಲಿ ನಡೆಯುತ್ತಿದ್ದುದು ಪಿ.ಸಿ.ಆರ್. ಎಂಬ ಪರೀಕ್ಷೆ. ಕ್ಯಾರಿ ಮುಲ್ಲಿಸ್ ಎಂಬ ಅಮೆರಿಕದ ವಿಜ್ಞಾನಿ 1983ರಲ್ಲಿ ಇದನ್ನು ಯೋಚಿಸಿ, ಅದಕ್ಕಾಗಿ 1993ರಲ್ಲಿ ನೊಬೆಲ್ ಬಹುಮಾನ ಪಡೆದ. ಒಂದು ಹಿಡಿ ಭತ್ತದಲ್ಲಿ ಅಡಗಿದ ಒಂದೇ ಒಂದು ಕಳೆಯ ಬೀಜವನ್ನು ಹುಡುಕಲಾರದೆ, ಆ ಬೀಜವನ್ನೇ ಎರಡಕ್ಕೆ ನಾಲ್ಕು, ನಾಲ್ಕಕ್ಕೆ ಎಂಟು ಎಂದು ರಾಶಿಯಾಗುವವರೆಗೆ ಬೆಳೆಸಿ, ರಾಶಿಯನ್ನು ನೋಡಿ ‘ಇತ್ತು’ ಎಂದು ಹೇಳುವಂಥ ವಿಧಾನ ಅದು. ನಿಖರ ಹೌದು, ಆದರೆ ಯಂತ್ರ ಬೇಕು, ತರಬೇತಾದ ಕೈ ಬೇಕು, ಗಂಟೆಗಳು ಬೇಕು, ಎಲ್ಲಕ್ಕಿಂತ ಮೊದಲು ಮಾದರಿಯನ್ನು ಹೊತ್ತೊಯ್ಯುವ ವಾಹನ ಬೇಕು.

ಮಂಚದ ಬಳಿಯೇ ಮಾಡುವ ಪರೀಕ್ಷೆಯ ವಂಶ ಬೇರೆ. ಅದರ ಮೂಲ 1980ರ ದಶಕದಲ್ಲಿ ಗರ್ಭಪರೀಕ್ಷೆಗಾಗಿ ಬಂದ ಕಾಗದದ ಪಟ್ಟಿ. ಶಾಯಿಯಲ್ಲಿ ಬರೆದ ಕಾಲದವರಿಗೆ ಒತ್ತುಕಾಗದ ಗೊತ್ತು. ಅದರ ಒಂದು ತುದಿಯನ್ನು ನೀರಿಗೆ ತಾಗಿಸಿದರೆ ನೀರು ತಾನಾಗಿ ಇನ್ನೊಂದು ತುದಿಗೆ ಏರುತ್ತದೆ. ಈ ಪಟ್ಟಿಯೂ ಹಾಗೆಯೇ. ಮೂಗಿನೊಳಗೆ ಹತ್ತಿ ಸುತ್ತಿದ ಕಡ್ಡಿಯನ್ನು ತಿರುಗಿಸಿ ತೆಗೆದು, ಒಂದು ದ್ರವದಲ್ಲಿ ಅದ್ದಿ, ಆ ದ್ರವದ ಕೆಲವು ಹನಿಗಳನ್ನು ಪಟ್ಟಿಯ ಮೇಲೆ ಬಿಡುತ್ತಾರೆ. ಹನಿ ಮುಂದಕ್ಕೆ ಹರಿಯುವಾಗ, ಬಣ್ಣದ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು ವೈರಸ್ಸಿನ ತುಣುಕನ್ನು ಹಿಡಿದುಕೊಳ್ಳುತ್ತವೆ. ಮುಂದೆ ಗೆರೆಯಾಗಿ ಕಾದು ಕುಳಿತ ಬೇರೆ ಪ್ರತಿಕಾಯಗಳು ಅವನ್ನು ತಡೆದು ನಿಲ್ಲಿಸುತ್ತವೆ. ಅಲ್ಲಿ ಬಣ್ಣದ ಗೆರೆ ಮೂಡುತ್ತದೆ. ಒಂದು ಗೆರೆ ಎಂದರೆ ಪರೀಕ್ಷೆ ಸರಿಯಾಗಿ ನಡೆದಿದೆ ಎಂದಷ್ಟೆ. ಎರಡು ಗೆರೆ ಎಂದರೆ ವೈರಸ್ ಇದೆ. 15ರಿಂದ 30 ನಿಮಿಷದೊಳಗೆ ಉತ್ತರ. 2020ರ ಜೂನ್ 14ರಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ಕೋವಿಡ್‌ಗೆ ಇಂಥ ಮೊದಲ ಪರೀಕ್ಷೆಯನ್ನು ಒಪ್ಪಿತು. ಇದೇ ಕಾಲದಲ್ಲಿ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ, ಗೋವದ ಮೋಲ್‌ಬಯೋ ಸಂಸ್ಥೆ ತಯಾರಿಸುವ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರವೂ ಬಳಕೆಗೆ ಬಂತು. ಕ್ಷಯರೋಗವನ್ನು ಹಳ್ಳಿಯಲ್ಲೇ ಪತ್ತೆಮಾಡಬೇಕೆಂದು ಬ್ಯಾಟರಿಯ ಮೇಲೆ ನಡೆಯುವಂತೆ ಕಟ್ಟಿದ ಈ ಯಂತ್ರ ಪಿ.ಸಿ.ಆರ್. ಪರೀಕ್ಷೆಯನ್ನೇ ಮೇಜಿನ ಗಾತ್ರಕ್ಕೆ ಇಳಿಸಿತು. ಕೂನೂರು, ಪುಣೆ, ಹಾಸನ, ಮಂಗಳೂರು ಎಂದು ಒಂದೊಂದೇ ಮಜಲು ಹತ್ತಿರ ಬಂದ ಪರೀಕ್ಷೆ ಕೊನೆಗೆ ಮಂಚವನ್ನು ಮುಟ್ಟಿತು.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ಎದ್ದುಬಿಡಬಹುದಿತ್ತು. ಆದರೆ ವೇಗವಾಗಿ ಬಂದ ಉತ್ತರಕ್ಕೆ ತನ್ನದೇ ಆದ ಒಂದು ಅಪಾಯವಿದೆ. ಮಂಡಳಿ ತಾನು ಒಪ್ಪಿದ ಆ ಮೊದಲ ಪಟ್ಟಿಯ ಬಗ್ಗೆ ಪ್ರಕಟಿಸಿದ ಅಂಕಿಗಳನ್ನು ನೋಡಿ. ಎರಡು ಕಡೆ ನಡೆದ ಪರಿಶೀಲನೆಯಲ್ಲಿ ರೋಗವಿದ್ದವರಲ್ಲಿ ಶೇಕಡ 50.6ರಿಂದ 84ರಷ್ಟು ಮಂದಿಯನ್ನು ಮಾತ್ರ ಅದು ಗುರುತಿಸಿತು. ರೋಗವಿಲ್ಲದವರನ್ನು ಇಲ್ಲವೆನ್ನುವುದರಲ್ಲಿ ಮಾತ್ರ ಶೇಕಡ 99ಕ್ಕೂ ಮೇಲೆ ಸರಿ. ಅಂದರೆ ಈ ಪಟ್ಟಿ ‘ಹೌದು’ ಎಂದರೆ ನಂಬಬಹುದು. ‘ಇಲ್ಲ’ ಎಂದರೆ ಪೂರ್ತಿ ನಂಬಲಾಗದು. ಆದುದರಿಂದಲೇ, ಲಕ್ಷಣಗಳಿದ್ದೂ ‘ಇಲ್ಲ’ ಎಂದು ಬಂದವರನ್ನು ಮತ್ತೆ ಪಿ.ಸಿ.ಆರ್. ಪರೀಕ್ಷೆಗೆ ಒಳಪಡಿಸಬೇಕೆಂದು ಮಂಡಳಿ ಆಗಲೇ ವಿಧಿಸಿತ್ತು. ಇನ್‌ಫ್ಲುಯೆಂಜಾಕ್ಕೆ ಬಹುಕಾಲ ಬಳಕೆಯಲ್ಲಿದ್ದ ಪಟ್ಟಿಗಳೂ ಇಂಥವೇ. ಶೇಕಡ 50ರಿಂದ 70ರಷ್ಟು ರೋಗಿಗಳನ್ನು ಮಾತ್ರ ಹಿಡಿಯಬಲ್ಲವು ಎಂದು ಅಮೆರಿಕದ ಆರೋಗ್ಯ ಇಲಾಖೆಯವರೇ ವೈದ್ಯರಿಗೆ ಎಚ್ಚರ ಹೇಳಿದ್ದರು.

ಇದನ್ನು ಒಂದು ಮನಗಣಿತದಿಂದ ವಿವರಿಸುತ್ತೇನೆ. ಆಟಿಯ ಮಳೆಯಲ್ಲಿ ಆಸ್ಪತ್ರೆಗೆ ಕೆಮ್ಮು ಜ್ವರದಿಂದ 100 ಜನ ಬಂದರೆನ್ನಿ. ಅವರಲ್ಲಿ 40 ಜನಕ್ಕೆ ನಿಜವಾಗಿ ಇನ್‌ಫ್ಲುಯೆಂಜಾ ಇದೆಯೆನ್ನಿ. ಪಟ್ಟಿ 100ಕ್ಕೆ 60ರಂತೆ ಹಿಡಿದರೆ 24 ಮಂದಿ ಸಿಕ್ಕುತ್ತಾರೆ, 16 ಮಂದಿ ತಪ್ಪಿಹೋಗುತ್ತಾರೆ. ‘ಇಲ್ಲ’ ಎಂಬ ಚೀಟಿ ಹಿಡಿದು ಹೊರಬರುವ ಸುಮಾರು 75 ಜನರಲ್ಲಿ ಐವರಿಗೊಬ್ಬರಿಗೆ ರೋಗ ಇದ್ದೇ ಇದೆ. ಅದೇ ಪಟ್ಟಿಯನ್ನು ಬಿರುಬೇಸಗೆಯಲ್ಲಿ, 100 ಜನರಲ್ಲಿ ಇಬ್ಬರಿಗೆ ಮಾತ್ರ ರೋಗವಿರುವಾಗ ಬಳಸಿರೆನ್ನಿ. ರೋಗವಿಲ್ಲದ 98 ಜನರಲ್ಲಿ ಇಬ್ಬರಿಗೆ ಅದು ತಪ್ಪಾಗಿ ‘ಹೌದು’ ಎಂದರೂ ಸಾಕು, ನಿಜವಾದ ‘ಹೌದು’ಗಳಿಗಿಂತ ಸುಳ್ಳು ‘ಹೌದು’ಗಳೇ ಹೆಚ್ಚಾಗುತ್ತವೆ. ಪಟ್ಟಿ ಅದೇ, ಗೆರೆಯೂ ಅದೇ. ಅರ್ಥ ಮಾತ್ರ ಋತುವಿನೊಡನೆ ಬದಲಾಗುತ್ತದೆ. ಒಂದೇ ಪದ ಬೇರೆ ಬೇರೆ ವಾಕ್ಯದಲ್ಲಿ ಬೇರೆ ಬೇರೆ ಅರ್ಥ ಕೊಡುವುದನ್ನು ಬಲ್ಲ ಸಾಹಿತ್ಯದ ಓದುಗರಿಗೆ ಇದು ಹೊಸ ಮಾತಲ್ಲ. ಹಿಂದುಮುಂದಿನ ಸಂದರ್ಭ ಬಿಟ್ಟು ಗೆರೆಯನ್ನು ಓದುವುದೂ, ಪ್ರಕರಣ ಬಿಟ್ಟು ಪದ್ಯವನ್ನು ಓದುವುದೂ ಒಂದೇ.

2020ರ ಮಳೆಗಾಲದಲ್ಲಿ ಆಸ್ಪತ್ರೆಯೊಂದರ ಮೊಗಸಾಲೆಯಲ್ಲಿ ನಾನು ಕೇಳಿದ ಒಂದು ಮಾತು ನೆನಪಿದೆ. ವಯಸ್ಸಾದ ಕೃಷಿಕರೊಬ್ಬರು ಚೀಟಿಯನ್ನು ತೋರಿಸಿ, “ನೆಗೆಟಿವ್ ಬಂತಲ್ಲ ಡಾಕ್ಟ್ರೇ, ಇನ್ನು ಮನೆಗೆ ಹೋಗಬಹುದಲ್ಲ?” ಎಂದರು. ಯುವಕ ಡಾಕ್ಟರು ಅವರ ಬೆರಳಿಗೆ ಆಮ್ಲಜನಕ ಅಳೆಯುವ ಸಣ್ಣ ಸಾಧನವನ್ನು ಸಿಕ್ಕಿಸಿ ನೋಡಿ ಹೇಳಿದರು: “ಚೀಟಿ ಇಲ್ಲ ಹೇಳ್ತದೆ ಗೌಡ್ರೇ. ನಿಮ್ಮ ಉಸಿರು ಹಾಗೆ ಹೇಳುವುದಿಲ್ಲ. ಇನ್ನೊಂದು ಪರೀಕ್ಷೆ ಮಂಗಳೂರಿಂದ ಬರಲಿ, ಅಷ್ಟರವರೆಗೆ ನೀವು ಇಲ್ಲೇ ಇರಿ.” ನನಗೆ ಈ ಮಾತು ವೈದ್ಯಶಾಸ್ತ್ರದ ಒಂದು ಸೂತ್ರದಂತೆ ಕೇಳಿಸಿತು. ಪಟ್ಟಿ ರೋಗದ ಹೆಸರನ್ನು ಹೇಳೀತು. ರೋಗಿಯ ಸ್ಥಿತಿಯನ್ನು ಹೇಳಲಾರದು. ಅದನ್ನು ನೋಡುವುದಕ್ಕೆ ಮನುಷ್ಯನೇ ಬೇಕು.

ಹಾಗಾದರೆ ತುರ್ತು ವಿಭಾಗದಲ್ಲಿ ಈ ವೇಗದ ಪರೀಕ್ಷೆಗಳಿಂದ ಆದ ಲಾಭವೇನು? ಇದನ್ನು ಹೊಗಳಿಕೆಯಿಂದಲ್ಲ, ಪ್ರಯೋಗದಿಂದಲೇ ಅಳೆದವರಿದ್ದಾರೆ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಆಸ್ಪತ್ರೆಯಲ್ಲಿ ಉಸಿರಾಟದ ಕಾಯಿಲೆಯಿಂದ ಬಂದ 720 ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಮಂಚದ ಬಳಿಯೇ ವೈರಸ್ ಪರೀಕ್ಷೆ ಮಾಡಿ, ಉಳಿದವರಿಗೆ ಮಾಮೂಲು ಚಿಕಿತ್ಸೆ ಕೊಟ್ಟು ಹೋಲಿಸಿದರು. 2017ರಲ್ಲಿ ಪ್ರಕಟವಾದ ಅದರ ಫಲಿತಾಂಶ ವಿಚಾರಯೋಗ್ಯ. ಆ್ಯಂಟಿಬಯೋಟಿಕ್ ಪಡೆದವರು ಒಂದು ಗುಂಪಿನಲ್ಲಿ ಶೇಕಡ 84, ಇನ್ನೊಂದರಲ್ಲಿ 83. ಹೆಚ್ಚುಕಡಿಮೆ ಏನೂ ವ್ಯತ್ಯಾಸವಿಲ್ಲ. ಉತ್ತರ ಬರುವ ಮೊದಲೇ ಮೊದಲ ಔಷಧ ಹೋಗಿಬಿಟ್ಟಿತ್ತು. ಆದರೆ ಪರೀಕ್ಷೆಯಾದ ಗುಂಪಿನಲ್ಲಿ ಒಂದೇ ಪ್ರಮಾಣಕ್ಕೆ ಅಥವಾ ಸ್ವಲ್ಪ ದಿನಕ್ಕೆ ಔಷಧ ನಿಲ್ಲಿಸಿದವರು ಹೆಚ್ಚು. ಆಸ್ಪತ್ರೆಯಲ್ಲಿ ಇದ್ದ ಸರಾಸರಿ ದಿನ 6.8ರ ಬದಲು 5.7, ಇನ್‌ಫ್ಲುಯೆಂಜಾ ಇದ್ದವರು ಹೆಚ್ಚಾಗಿ ಪತ್ತೆಯಾಗಿ ತಕ್ಕ ಔಷಧ ಪಡೆದರು. ಆ ಔಷಧ ಜ್ವರ ಹಿಡಿದ ಮೊದಲ 48 ಗಂಟೆಯೊಳಗೆ ಸಿಕ್ಕಿದರೆ ಹೆಚ್ಚು ಫಲಕಾರಿ. ಇಂಥಲ್ಲಿ ಅರ್ಧ ಗಂಟೆಯ ಉತ್ತರಕ್ಕೂ ಮೂರು ದಿನದ ಉತ್ತರಕ್ಕೂ ಅಜಗಜಾಂತರ. ಮಕ್ಕಳ ತುರ್ತು ವಿಭಾಗಗಳಲ್ಲಿ ನಡೆದ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದವರೂ ಹೆಚ್ಚುಕಡಿಮೆ ಇದನ್ನೇ ಕಂಡರು. ಎದೆಯ ಎಕ್ಸ್‌ರೇ ತೆಗೆಸುವುದು ಕಡಿಮೆಯಾಯಿತು. ಆ್ಯಂಟಿಬಯೋಟಿಕ್ ಕಡಿಮೆಯಾಯಿತೆಂದು ಖಚಿತವಾಗಿ ಹೇಳಲಾಗಲಿಲ್ಲ. ಪರೀಕ್ಷೆ ಬಂದಷ್ಟು ಬೇಗ ಅಭ್ಯಾಸ ಬದಲಾಗದು ಎಂಬುದು ಇದರ ಸಾರ.

ಪರೀಕ್ಷೆಯ ಚೀಟಿ ಆಸ್ಪತ್ರೆಯಿಂದ ಹೊರಬಿದ್ದು ರಸ್ತೆಗೆ ಬಂದಾಗ ಏನಾಯಿತೆಂಬುದನ್ನು ನಮ್ಮ ಸೀಮೆಯೇ ಕಂಡಿದೆ. ಪಯಸ್ವಿನಿ ಸುಳ್ಯವನ್ನು ಹಾದು ಕಾಸರಗೋಡಿಗೆ ಹರಿದು ಅಲ್ಲಿ ಚಂದ್ರಗಿರಿ ಎನಿಸಿಕೊಳ್ಳುತ್ತದೆ. ಹೊಳೆಯ ಎರಡು ದಡದಲ್ಲೂ ಕನ್ನಡ ಮನೆಗಳು. ಹೆಣ್ಣು ಕೊಟ್ಟು ತಂದ ನಂಟು. ತೋಟ ಒಂದು ರಾಜ್ಯದಲ್ಲಿ, ಅಡಕೆ ಮಾರುವ ಪೇಟೆ ಇನ್ನೊಂದು ರಾಜ್ಯದಲ್ಲಿ. ದೊಡ್ಡ ಕಾಯಿಲೆಗೆ ಎಲ್ಲರಿಗೂ ಮಂಗಳೂರು. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಕಾಸರಗೋಡಿನ ಕಡೆಯ ಹಲವು ರೋಗಿಗಳು ಮಂಗಳೂರಿನ ಆಸ್ಪತ್ರೆಗಳನ್ನು ತಲುಪಲಾಗದೆ ಪ್ರಾಣ ಬಿಟ್ಟರು. ಪ್ರಶ್ನೆ ಕೇರಳದ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಅವರಲ್ಲಿ ಎಷ್ಟೋ ಮಂದಿಗೆ ಇದ್ದದ್ದು ಕೋವಿಡ್ ಅಲ್ಲವೇ ಅಲ್ಲ. ಹೃದಯದ್ದೋ ಮೂತ್ರಪಿಂಡದ್ದೋ ಹಳೆಯ ಕಾಯಿಲೆ. ಮರುವರ್ಷ, 2021ರ ಫೆಬ್ರವರಿಯಲ್ಲಿ, ಕೇರಳದಿಂದ ಬರುವವರು 72 ಗಂಟೆಯೊಳಗಿನ ಪರೀಕ್ಷೆಯ ಚೀಟಿ ತೋರಿಸಬೇಕೆಂದಾಯಿತು. ತಲಪಾಡಿ, ಸಾರಡ್ಕ, ಪುತ್ತೂರು ತಾಲೂಕಿನ ನೆಟ್ಟಣಿಗೆ ಮುಡ್ನೂರು ಮತ್ತು ಮೇನಾಲ, ಸುಳ್ಯ ತಾಲೂಕಿನ ಜಾಲ್ಸೂರು, ಇಷ್ಟೇ ದಾರಿಗಳು ಪ್ರವೇಶಕ್ಕೆಂದು ಉಳಿದವು. ಮಂಚದ ಬಳಿ ಚಿಕಿತ್ಸೆಗೆ ದಾರಿ ತೋರಬೇಕಾಗಿದ್ದ ಕಾಗದ ಇಲ್ಲಿ ರಸ್ತೆಯನ್ನು ತೆರೆಯುವ ಅಥವಾ ಮುಚ್ಚುವ ರಹದಾರಿಯಾಯಿತು. ದಿನಗೂಲಿಗೆ ಗಡಿ ದಾಟುವವನಿಗೂ ಕಾಲೇಜಿಗೆ ಬರುವ ಹುಡುಗಿಗೂ ಈ ಮೂರು ದಿನದ ಆಯುಸ್ಸಿನ ಕಾಗದ ಎಂಥ ಹೊರೆಯಾಗಿತ್ತೆಂಬುದನ್ನು ಆ ತಪಾಸಣಾಕಟ್ಟೆಗಳಲ್ಲಿ ನಿಂತವರೇ ಬಲ್ಲರು. ಸೋಂಕು ತಡೆಯುವ ಉದ್ದೇಶ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ನಿನ್ನೆಯ ‘ಇಲ್ಲ’ ನಾಳೆಯ ‘ಹೌದು’ ಆಗಬಹುದಾದ ರೋಗದಲ್ಲಿ, ಆ ಚೀಟಿ ಹೇಳಬಲ್ಲದ್ದಕ್ಕಿಂತ ಹೆಚ್ಚನ್ನು ನಾವು ಅದರಿಂದ ಕೇಳಿದೆವು.

ಈ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುವುದು ಇಷ್ಟು. ಒಂದು ಶತಮಾನದ ಕಾಲ ನಮ್ಮ ತಾಲೂಕುಗಳ ರೋಗಿಗೆ ಕೊರತೆಯಾಗಿದ್ದುದು ಉತ್ತರವಲ್ಲ, ಉತ್ತರದ ಸಾಮೀಪ್ಯ. ಲೋಕದಲ್ಲಿ ಎಲ್ಲೋ ಒಂದೆಡೆ ಉತ್ತರ ಇರುತ್ತಿತ್ತು. ಅದು ಇಲ್ಲಿಗೆ ಬರುವ ಹೊತ್ತಿಗೆ ರೋಗಿ ಇರುತ್ತಿರಲಿಲ್ಲ. ವೇಗದ ಪರೀಕ್ಷೆ ಆ ದೂರವನ್ನು ಅಳಿಸಿದೆ. ಈ ಲಾಭವನ್ನು ಕೀಳ್ಗಳೆಯಲು ನಗರದವರಿಗೆ ಸುಲಭ. ದೊಡ್ಡ ಪ್ರಯೋಗಾಲಯದ ನೆರಳಿನಲ್ಲೇ ಇರುವವರಿಗೆ ಪಟ್ಟಿಯ ದೋಷಗಳು ಮಾತ್ರ ಕಾಣುತ್ತವೆ. ಪುತ್ತೂರು, ಸುಳ್ಯ, ಕಡಬದ ಲೆಕ್ಕ ಬೇರೆ. ಸುರಿಯುವ ಮಳೆಯ ನಡುರಾತ್ರಿ, ಉಬ್ಬಸದಿಂದ ಎದೆ ಗುಳಿಬೀಳುತ್ತಿರುವ ಮಗುವನ್ನು ಎತ್ತಿಕೊಂಡು ಗಟ್ಟದ ಬುಡದಿಂದ ತಾಯಿಯೊಬ್ಬಳು ಬಂದಳೆನ್ನಿ. ಅದು ಯಾವ ವೈರಸ್ ಎಂದು ಅರ್ಧ ಗಂಟೆಯಲ್ಲಿ ತಿಳಿದರೆ, ಮಗುವನ್ನು ಇತರ ಮಕ್ಕಳಿಂದ ದೂರ ಮಲಗಿಸಬಹುದು. ಬೇಡದ ಔಷಧವನ್ನು ತಪ್ಪಿಸಬಹುದು. ಬೇಕಾದದ್ದನ್ನು ಸಕಾಲಕ್ಕೆ ಕೊಡಬಹುದು. ಮಂಗಳೂರಿಗೆ ಕಳುಹಿಸುವುದಾದರೆ ಅಲ್ಲಿಯವರಿಗೆ ಮುಂಚಿತವಾಗಿ ತಿಳಿಸಬಹುದು. ಈ ನಾಲ್ಕರಲ್ಲಿ ಒಂದನ್ನೂ ಮಾಡಲು ಹಾಸಿಗೆಯಾಗಲಿ ದಾದಿಯಾಗಲಿ ಇಲ್ಲದ ಕಡೆ ಪರೀಕ್ಷೆಯೊಂದೇ ಬಂದು ಕೂತರೆ, ಅದು ದೀಪ ಹಚ್ಚಿ ಕಣ್ಣು ಮುಚ್ಚಿದಂತೆ.

ಆದುದರಿಂದ ಪರೀಕ್ಷೆಯ ಪೆಟ್ಟಿಗೆಯೊಡನೆ ಅದನ್ನು ಓದುವ ವಿದ್ಯೆಯೂ ತಾಲೂಕು ಆಸ್ಪತ್ರೆಗೆ ಬರಬೇಕು. ‘ಇಲ್ಲ’ ಎಂದು ಬಂದ ಚೀಟಿಯನ್ನು ಹಿಡಿದು ರೋಗಿಯ ಮುಖವನ್ನು ಇನ್ನೊಮ್ಮೆ ನೋಡುವ ವೈದ್ಯ ಬೇಕು. ಆ ಚೀಟಿಯ ಅರ್ಥವನ್ನು ತುಳುವಿನಲ್ಲೋ ಅರೆಭಾಷೆಯಲ್ಲೋ ಮಲೆಯಾಳದಲ್ಲೋ ಮನೆಯವರಿಗೆ ತಿಳಿಸಿ ಹೇಳುವ ದಾದಿ ಬೇಕು. ಯಾವ ತಿಂಗಳಲ್ಲಿ ಯಾವ ವೈರಸ್ ಎಷ್ಟು ಜನಕ್ಕೆ ಬಂತೆಂದು ಬರೆದಿಡುವ ಒಂದು ಪುಸ್ತಕ ಬೇಕು. 1918ರಲ್ಲಿ ಈ ಸೀಮೆಯಲ್ಲಿ ಸತ್ತವರು ಎಷ್ಟೆಂಬುದು ‘ಜ್ವರ’ ಎಂಬ ಒಂದೇ ಕಲಮಿನಲ್ಲಿ ಕರಗಿಹೋಗಿದೆ. ಇಂದು ಆ ಕಲಮನ್ನು ಹತ್ತಾಗಿ ವಿಂಗಡಿಸುವ ಸಾಧನ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿದೆ. ಅದನ್ನು ದಿನವೂ ತುಂಬಿಸುತ್ತ ಬಂದರೆ, ಮುಂದೆ ಇಂಥ ಭಾಷಣ ಮಾಡುವವರು ನನ್ನಂತೆ ಅಂದಾಜಿನ ಮೇಲೆ ಅಂದಾಜು ಪೇರಿಸಬೇಕಾಗದು. ಅದಕ್ಕಿಂತ ಮುಖ್ಯವಾಗಿ, ಮುಂದಿನ ಹೊಸ ಜ್ವರ ಬಂದಾಗ ಅದರ ಮೊದಲ ರೋಗಿ ಹೆಸರಿಲ್ಲದೆ ಸಾಯಬೇಕಾಗದು.